ಚಿಮಣಿಯ ನಾಕ್ಸ್ ತಡೆಯುವ ಉಪಕರಣಗಳ ಮಾರುಕಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೈಟ್ರೋಜನ್ ಆಕ್ಸೈಡ್ ತಡೆಯುವ ಉಪಕರಣಗಳಿಗೆ ಭಾರಿ ಬೇಡಿಕೆ ಬರಲಿದೆ ಎಂದು ಹೇಳುವ ವರದಿಗಳು ಈಗ ಜಾಸ್ತಿ ಆಗಿವೆ. ಅವನ್ನು ಓದಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಷೇರು ಕೊಳ್ಳುವವರು, ಸಣ್ಣ ಫ್ಯಾಬ್ರಿಕೇಷನ್ ಶೆಡ್ ನಡೆಸುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಕೆಲವು ಉತ್ತರ ಉದ್ದ ಇವೆ, ಕೆಲವು ಎರಡೇ ಮಾತು.

ನಾಕ್ಸ್ ಅಂದರೆ ಏನು? ಕಾರ್ಖಾನೆಯಲ್ಲಿ ಎಲ್ಲಿಂದ ಬರುತ್ತದೆ?

ನೈಟ್ರಿಕ್ ಆಕ್ಸೈಡ್ ಮತ್ತು ನೈಟ್ರೋಜನ್ ಡೈಆಕ್ಸೈಡ್, ಈ ಎರಡು ಅನಿಲಗಳನ್ನು ಸೇರಿಸಿ ನಾಕ್ಸ್ ಎನ್ನುತ್ತಾರೆ. ಚಿಮಣಿಯಿಂದ ಹೊರಬರುವಾಗ ಹೆಚ್ಚಿನ ಪಾಲು ಮೊದಲನೆಯದೇ ಇರುತ್ತದೆ. ಗಾಳಿಗೆ ಸೇರಿದ ಮೇಲೆ ಅದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಬಿಸಿಲು ಬಿದ್ದರೆ ನೆಲಮಟ್ಟದ ಓಜೋನ್ ಆಗುವುದಕ್ಕೂ ಕಾರಣವಾಗುತ್ತದೆ. ಗಾಳಿಯಲ್ಲಿರುವ ಅಮೋನಿಯಾ ಜೊತೆ ಕೂಡಿ ಪಿಎಂ 2.5 ಎನ್ನುವ ಸಣ್ಣ ಕಣವೂ ಆಗುತ್ತದೆ.

ಹುಟ್ಟುವ ದಾರಿ ಮುಖ್ಯವಾಗಿ ಎರಡು. ಬೆಂಕಿಯ ಬಿಸಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಳಿಯಲ್ಲಿರುವ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರತೊಡಗುತ್ತದೆ. ಇದಕ್ಕೆ ಥರ್ಮಲ್ ನಾಕ್ಸ್ ಎಂದು ಹೆಸರು. ಎರಡನೆಯದು, ಕಲ್ಲಿದ್ದಲಿನಂಥ ಇಂಧನದ ಒಳಗೇ ಇರುವ ನೈಟ್ರೋಜನ್ ಉರಿದು ಬರುವುದು. ಗಂಧಕ ಕಡಿಮೆ ಇರುವ ಕಲ್ಲಿದ್ದಲು ತಂದರೆ ಗಂಧಕದ ಹೊಗೆ ಕಡಿಮೆಯಾಗುತ್ತದೆ. ನಾಕ್ಸ್ ವಿಷಯದಲ್ಲಿ ಇಂಧನ ಬದಲಿಸಿದರೂ ಪೂರ್ತಿ ಬಿಡುಗಡೆ ಇಲ್ಲ, ಯಾಕೆಂದರೆ ಕಚ್ಚಾವಸ್ತು ಗಾಳಿಯಲ್ಲೇ ಇದೆ. ಗ್ಯಾಸ್ ಉರಿಸಿದರೂ ನಾಕ್ಸ್ ಬರುತ್ತದೆ.

ತಡೆಯುವ ಉಪಕರಣಗಳು ಯಾವುವು?

ಅಗ್ಗದಿಂದ ದುಬಾರಿಗೆ ಹೋಗುವ ಮೂರು ಮೆಟ್ಟಿಲು ಇವೆ.

ಮೊದಲನೆಯದು ಉರಿಸುವ ರೀತಿಯನ್ನೇ ಬದಲಿಸುವುದು. ಲೋ ನಾಕ್ಸ್ ಬರ್ನರ್ ಹಾಕುತ್ತಾರೆ. ಗಾಳಿಯನ್ನು ಒಂದೇ ಸಲ ಕೊಡದೆ ಒಂದು ಪಾಲನ್ನು ಬೆಂಕಿಯ ಮೇಲ್ಭಾಗದಲ್ಲಿ ಕೊಡುತ್ತಾರೆ. ಬೆಂಕಿ ತೀರಾ ಬಿಸಿಯಾಗದೆ, ಆಕ್ಸಿಜನ್ ಸ್ವಲ್ಪ ಕೊರತೆಯಲ್ಲೇ ಉರಿಯುತ್ತದೆ.

ಎರಡನೆಯದು ಎಸ್‌ಎನ್‌ಸಿಆರ್ (ಸೆಲೆಕ್ಟಿವ್ ನಾನ್ ಕ್ಯಾಟಲಿಟಿಕ್ ರಿಡಕ್ಷನ್). 850ರಿಂದ 1050 ಡಿಗ್ರಿ ಬಿಸಿ ಇರುವ ಜಾಗದಲ್ಲಿ ಅಮೋನಿಯಾ ನೀರನ್ನೋ ಯೂರಿಯಾ ದ್ರಾವಣವನ್ನೋ ನಾಜಲ್‌ನಿಂದ ಸಿಂಪಡಿಸುತ್ತಾರೆ. ನಾಕ್ಸ್ ಒಡೆದು ಸಾದಾ ನೈಟ್ರೋಜನ್ ಮತ್ತು ನೀರಾವಿ ಆಗುತ್ತದೆ. ಸಾಮಾನ್ಯವಾಗಿ ಶೇ. 30ರಿಂದ 70ರಷ್ಟು ಇಳಿಯುತ್ತದೆ. ಬಿಸಿ ಕಡಿಮೆಯಾದರೆ ಅಮೋನಿಯಾ ಹಾಗೇ ಹೊರಗೆ ಹೋಗುತ್ತದೆ. ಜಾಸ್ತಿಯಾದರೆ ಅಮೋನಿಯಾವೇ ಉರಿದು ಇನ್ನಷ್ಟು ನಾಕ್ಸ್ ಆಗುತ್ತದೆ!

ಮೂರನೆಯದು ಎಸ್‌ಸಿಆರ್ (ಸೆಲೆಕ್ಟಿವ್ ಕ್ಯಾಟಲಿಟಿಕ್ ರಿಡಕ್ಷನ್). ಅಮೋನಿಯಾ ಇಲ್ಲೂ ಬೇಕು, ಆದರೆ ಕೆಲಸ ನಡೆಯುವುದು ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಮೇಲೆ, 300ರಿಂದ 400 ಡಿಗ್ರಿಯಲ್ಲಿ. ಟೈಟಾನಿಯಂ ಡೈಆಕ್ಸೈಡ್ ಮೇಲೆ ವನೇಡಿಯಂ, ಟಂಗ್‌ಸ್ಟನ್ ಲೇಪಿಸಿದ ಬ್ಲಾಕ್‌ಗಳನ್ನು ಪದರಪದರವಾಗಿ ಜೋಡಿಸಿ ಹೊಗೆಯನ್ನು ಅದರೊಳಗೆ ಹಾಯಿಸುತ್ತಾರೆ. ಶೇ. 80ರಿಂದ 95ರಷ್ಟು ನಾಕ್ಸ್ ಇಳಿಯುತ್ತದೆ. ವೆಚ್ಚವೂ ಹಾಗೇ ಏರುತ್ತದೆ. ದೊಡ್ಡ ರಿಯಾಕ್ಟರ್ ಬೇಕು, ಅದನ್ನು ಹೊರಲು ಉಕ್ಕಿನ ಕಟ್ಟು ಬೇಕು, ಒತ್ತಡ ಬೀಳುವುದರಿಂದ ಫ್ಯಾನಿಗೆ ಹೆಚ್ಚು ಕರೆಂಟ್ ಬೇಕು.

ಈ ಉಪಕರಣಗಳನ್ನು ಕಾರ್ಖಾನೆಗಳು ಯಾಕೆ ಕೊಳ್ಳುತ್ತವೆ?

ಕಾನೂನು ಇದೆ ಅಂತ. ಇನ್ನೊಂದು ಕಾರಣ ಹುಡುಕಿದರೆ ಸಿಗುವುದು ಕಷ್ಟ. ಹೊಸ ಮೋಟಾರ್ ಹಾಕಿದರೆ ಕರೆಂಟ್ ಉಳಿಯುತ್ತದೆ, ಹೊಸ ಮಿಲ್ ಹಾಕಿದರೆ ಉತ್ಪಾದನೆ ಹೆಚ್ಚುತ್ತದೆ. ನಾಕ್ಸ್ ಉಪಕರಣದಿಂದ ಮಾಲೀಕನಿಗೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಗಂಧಕ ತೆಗೆದರೆ ಮಾರಲು ಜಿಪ್ಸಂ ಆದರೂ ಸಿಗುತ್ತದೆ. ನಾಕ್ಸ್ ತೆಗೆದರೆ ಸಿಗುವುದು ನೈಟ್ರೋಜನ್, ಅದು ಗಾಳಿಯಲ್ಲಿ ಬೇಕಾದಷ್ಟಿದೆ.

ಹಾಗಾಗಿ ಈ ಮಾರುಕಟ್ಟೆಯ ಬೆಳವಣಿಗೆ ತಿಳಿಯಬೇಕೆಂದರೆ ಮೊದಲು ಗೆಜೆಟ್ ನೋಡಬೇಕು: ಮಿತಿ ಎಷ್ಟು, ಯಾವ ದಿನಾಂಕದೊಳಗೆ, ಯಾವ ವಯಸ್ಸಿನ ಘಟಕಕ್ಕೆ, ತಪ್ಪಿದರೆ ದಂಡ ಏನು. ಮಿತಿಯನ್ನು ಸ್ವಲ್ಪ ಸಡಿಲಿಸಿದರೂ ಒಂದಿಡೀ ತಂತ್ರಜ್ಞಾನಕ್ಕೆ ಗಿರಾಕಿ ಇಲ್ಲದಂತಾಗುತ್ತದೆ. ನಮ್ಮ ದೇಶದಲ್ಲಿ ಇದು ನಡೆದಿದೆ, ಮುಂದೆ ಹೇಳುತ್ತೇವೆ.

ಬೇರೆ ದೇಶಗಳಲ್ಲಿ ಈ ಮಾರುಕಟ್ಟೆ ಹೇಗೆ ಬೆಳೆಯಿತು?

ಎಸ್‌ಸಿಆರ್ ಅಮೆರಿಕದಲ್ಲಿ 1950ರ ದಶಕದಲ್ಲೇ ಪೇಟೆಂಟ್ ಆಗಿತ್ತು. ಅಲ್ಲಿ ಕೊಳ್ಳುವವರೇ ಇರಲಿಲ್ಲ. ವಾಣಿಜ್ಯ ಮಟ್ಟದಲ್ಲಿ ಮೊದಲು ಸ್ಥಾಪಿಸಿದ್ದು ಜಪಾನ್, 1970ರ ದಶಕದಲ್ಲಿ, ಅಲ್ಲಿನ ನಗರಗಳ ಗಾಳಿ ಕೆಟ್ಟು ಬಿಗಿ ನಿಯಮ ಬಂದಾಗ. ಆಮೇಲೆ ಜರ್ಮನಿ. ಆಮ್ಲ ಮಳೆಯಿಂದ ಕಾಡು ಸಾಯುತ್ತಿದೆ ಎಂಬ ಗದ್ದಲ ಎದ್ದು, 1983ರಲ್ಲಿ ದೊಡ್ಡ ಬಾಯ್ಲರ್‌ಗಳಿಗೆ ನಿಯಮ ಬಂತು. ದೊಡ್ಡ ಘಟಕಗಳಿಗೆ ನಾಕ್ಸ್ ಮಿತಿಯನ್ನು ಪ್ರತಿ ಘನ ಮೀಟರ್ ಹೊಗೆಗೆ 200 ಮಿಲಿಗ್ರಾಂಗೆ ಇಳಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಅಲ್ಲಿನ ವಿದ್ಯುತ್ ಘಟಕಗಳಿಗೆ ಎಸ್‌ಸಿಆರ್ ಬಂದವು. ಅಮೆರಿಕದಲ್ಲಿ ದೊಡ್ಡ ಅಲೆ ಬಂದದ್ದು 1998ರ ನಿಯಮದ ಬಳಿಕ. ಒಂದು ರಾಜ್ಯದ ಹೊಗೆ ಗಡಿ ದಾಟಿ ಇನ್ನೊಂದು ರಾಜ್ಯದ ಓಜೋನ್ ಹೆಚ್ಚಿಸುತ್ತಿದೆ ಎಂಬುದು ಅದರ ಹಿಂದಿನ ವಾದ.

ಎಲ್ಲಕ್ಕಿಂತ ದೊಡ್ಡ ಕಥೆ ಚೀನಾದ್ದು. 2011ರಿಂದ 2015ರ ಪಂಚವಾರ್ಷಿಕ ಯೋಜನೆಯಲ್ಲಿ ನಾಕ್ಸ್ ಶೇ. 10ರಷ್ಟು ಇಳಿಸುವ ಗುರಿ ಇಟ್ಟರು. 2011ರಲ್ಲೇ ಕಲ್ಲಿದ್ದಲು ಘಟಕಗಳಿಗೆ 100 ಮಿಲಿಗ್ರಾಂ ಮಿತಿ ತಂದರು. ಸ್ವಲ್ಪ ದಿನದಲ್ಲೇ ಅದನ್ನು 50ಕ್ಕೆ ಇಳಿಸುವ ಕಾರ್ಯಕ್ರಮ ಶುರುವಾಯಿತು. ಕ್ಯಾಟಲಿಸ್ಟ್ ಮಾಡುವ ಕಾರ್ಖಾನೆಗಳು ಅಣಬೆಗಳಂತೆ ಎದ್ದವು. ವಿದ್ಯುತ್ ಘಟಕಗಳ ಕೆಲಸ ಬಹುಪಾಲು ಮುಗಿದ ಮೇಲೆ ಆ ಕಂಪನಿಗಳೆಲ್ಲ ಉಕ್ಕು, ಸಿಮೆಂಟ್, ಕೋಕ್ ಒಲೆಗಳ ಕಡೆ ತಿರುಗಿದವು. 2019ರಲ್ಲಿ ಉಕ್ಕಿಗೂ ಬಿಗಿ ನಿಯಮ ಬಂತು. ಈಗ ಅಲ್ಲಿ ಹೊಸ ಉಪಕರಣಕ್ಕಿಂತ ಹಳೆಯ ಕ್ಯಾಟಲಿಸ್ಟ್ ಬದಲಿಸುವ, ತೊಳೆದು ಮತ್ತೆ ಚುರುಕುಗೊಳಿಸುವ ವ್ಯಾಪಾರಕ್ಕೆ ತೂಕ ಬಂದಿದೆ.

ಎಲ್ಲ ಕಡೆ ನಡೆದದ್ದು ಒಂದೇ ಬಗೆ. ನಿಯಮ ಬಂದಾಗ ಆರ್ಡರ್ ನೆಗೆಯುತ್ತದೆ. ಕೆಲಸ ಮುಗಿದಾಗ ಇಳಿಯುತ್ತದೆ. ಆಮೇಲೆ ಬಿಡಿಭಾಗ ಮತ್ತು ರಾಸಾಯನಿಕದ ವ್ಯಾಪಾರ ಉಳಿಯುತ್ತದೆ. ವರದಿಗಳಲ್ಲಿ ಕಾಣುವ ನೇರ ಏರುಗೆರೆ ನಿಜ ಜೀವನದಲ್ಲಿ ಎಲ್ಲೂ ಇರಲಿಲ್ಲ.

ಭಾರತದ ಕಲ್ಲಿದ್ದಲು ವಿದ್ಯುತ್ ಘಟಕಗಳಲ್ಲಿ ಏನಾಯಿತು?

2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಹೊಸ ಮಿತಿಗಳನ್ನು ಪ್ರಕಟಿಸಿತು. ಅಲ್ಲಿಯವರೆಗೆ ಕಲ್ಲಿದ್ದಲು ಘಟಕಗಳಿಗೆ ನಾಕ್ಸ್ ಮಿತಿಯೇ ಇರಲಿಲ್ಲ. ಪ್ರತಿ ಘನ ಮೀಟರ್ ಹೊಗೆಗೆ, 2003ರ ಕೊನೆಯೊಳಗಿನ ಘಟಕಗಳಿಗೆ 600 ಮಿಲಿಗ್ರಾಂ. 2004ರಿಂದ 2016ರ ಕೊನೆಯವರೆಗಿನವಕ್ಕೆ 300. 2017ರ ಜನವರಿಯಿಂದ ಬರುವವಕ್ಕೆ 100. ಹಳೆಯ ಘಟಕಗಳಿಗೆ ಎರಡು ವರ್ಷ ಗಡುವು.

ಮಾರುಕಟ್ಟೆ ಕಣ್ಣಿನಿಂದ ಈ ಮೂರು ಅಂಕಿ ನೋಡಿ. 600 ಬಹಳಷ್ಟು ಘಟಕಗಳಿಗೆ ಕಷ್ಟದ ಮಾತಲ್ಲ. 100 ಅಂದರೆ ಎಸ್‌ಸಿಆರ್ ಬೇಕೇ ಬೇಕು. ನಡುವಿನ 300 ಮಾತ್ರ ನಿಜವಾದ ಚಿನ್ನದ ಗಣಿ. ಆ ಗುಂಪಿನಲ್ಲಿರುವ ಘಟಕಗಳು ತುಂಬಾ ಜಾಸ್ತಿ. ದೇಶ ಅತಿ ಹೆಚ್ಚು ಕಲ್ಲಿದ್ದಲು ಘಟಕ ಕಟ್ಟಿದ್ದು ಆ ವರ್ಷಗಳಲ್ಲೇ. ಬರ್ನರ್ ಬದಲಿಸಿದರೆ 300 ಮುಟ್ಟುವುದು ಅನುಮಾನ, ಅದರ ಮೇಲೆ ಇನ್ನೊಂದು ಉಪಕರಣ ಬೇಕಾಗುತ್ತದೆ. ಹೊರದೇಶದ ಕಂಪನಿಗಳೆಲ್ಲ ಭಾರತದ ಕಡೆ ನೋಡಿದ್ದು ಇದೇ ಕಾರಣಕ್ಕೆ.

ಆದರೆ ವಿದ್ಯುತ್ ವಲಯ ಒಪ್ಪಲಿಲ್ಲ. ಕಡಿಮೆ ಲೋಡಿನಲ್ಲಿ ಘಟಕ ನಡೆಸುವಾಗ 300ರೊಳಗೆ ಇರಲು ಆಗುವುದಿಲ್ಲ ಎಂದು ವಾದಿಸಿತು. ಕೊನೆಗೆ 2020ರ ಅಕ್ಟೋಬರ್‌ನಲ್ಲಿ 300 ಅನ್ನು 450 ಮಾಡಿದರು. 450 ಅಂದರೆ ಬರ್ನರ್ ಮತ್ತು ಗಾಳಿಯ ಹಂಚಿಕೆ ಸರಿಮಾಡಿದರೆ ಸಾಕು. ಒಂದು ಅಂಕಿ ಬದಲಾಯಿತು, ಹಳೆಯ ಘಟಕಗಳ ಎಸ್‌ಸಿಆರ್ ಮಾರುಕಟ್ಟೆ ಹೆಚ್ಚುಕಡಿಮೆ ಮುಗಿದುಹೋಯಿತು. ಬರ್ನರ್ ಮಾರುಕಟ್ಟೆ ಮಾತ್ರ ಉಳಿಯಿತು.

ಈಗ ಉಳಿದಿರುವುದು 100ರ ಗುಂಪು, ಅಂದರೆ ಹೊಸ ಘಟಕಗಳು. 2031–32ರೊಳಗೆ ಕನಿಷ್ಠ 80 ಗಿಗಾವಾಟ್ ಕಲ್ಲಿದ್ದಲು ಸಾಮರ್ಥ್ಯ ಸೇರಿಸುತ್ತೇವೆ ಎಂದು ಕೇಂದ್ರ ಸರ್ಕಾರ ಹೇಳಿದೆ. ಆ ಘಟಕಗಳು ಎಷ್ಟು ಬೇಗ ಏಳುತ್ತವೋ ಎಸ್‌ಸಿಆರ್ ಆರ್ಡರ್ ಅಷ್ಟು ಬರುತ್ತದೆ. ಆದರೆ ಇದು ಬಿಡಿಯಾಗಿ ಸಿಗುವ ಆರ್ಡರ್ ಅಲ್ಲ. ಬಾಯ್ಲರ್ ಗುತ್ತಿಗೆಯೊಳಗೇ ಸೇರಿರುತ್ತದೆ, ಬಾಯ್ಲರ್ ಕಂಪನಿಯೇ ನಿರ್ಧರಿಸುತ್ತದೆ.

ನಮ್ಮ ಕಲ್ಲಿದ್ದಲಿಗೆ ಎಸ್‌ಸಿಆರ್ ಹೊಂದುವುದಿಲ್ಲ ಅಂತಾರೆ. ನಿಜಾನಾ?

ಅರ್ಧ ನಿಜ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಶೇ. 30ರಿಂದ 45ರವರೆಗೆ ಇರುತ್ತದೆ. ಜಪಾನ್, ಜರ್ಮನಿಯವರು ಉರಿಸುವ ಕಲ್ಲಿದ್ದಲಿಗಿಂತ ಇದು ಬಹಳ ಜಾಸ್ತಿ. ಬೂದಿಯಲ್ಲಿ ಮರಳಿನ ಅಂಶ ಹೆಚ್ಚು, ಅದು ಕ್ಯಾಟಲಿಸ್ಟನ್ನು ತೇಯುತ್ತದೆ. ದಪ್ಪ ಬೂದಿ ರಂಧ್ರಕ್ಕೆ ಕೂತು ದಾರಿ ಮುಚ್ಚುತ್ತದೆ. ಇದೇ ಅನುಮಾನದಿಂದ ಎನ್‌ಟಿಪಿಸಿ ತನ್ನ ಘಟಕಗಳಲ್ಲಿ ಸಣ್ಣ ಪ್ರಮಾಣದ ಪರೀಕ್ಷೆಗಳನ್ನೂ ನಡೆಸಿತ್ತು.

ಇದಕ್ಕೆ ಪರಿಹಾರ ಇಲ್ಲ ಅಂತೇನಿಲ್ಲ. ರಂಧ್ರ ದೊಡ್ಡದಿರುವ ಕ್ಯಾಟಲಿಸ್ಟ್, ಹಾಳೆಯಂತೆ ಜೋಡಿಸುವ ಪ್ಲೇಟ್ ಮಾದರಿ, ದಪ್ಪ ಬೂದಿ ಹಿಡಿಯುವ ಜಾಲರಿ, ಬೂದಿ ಉದುರಿಸುವ ಶಬ್ದದ ಕೊಂಬುಗಳು ಇವೆ. ಬೂದಿ ಹಿಡಿಯುವ ಇಎಸ್‌ಪಿ ನಂತರ ರಿಯಾಕ್ಟರ್ ಇಡುವ ದಾರಿಯೂ ಇದೆ. ಆದರೆ ಅಷ್ಟು ಹೊತ್ತಿಗೆ ಹೊಗೆ ತಣ್ಣಗಾಗಿರುತ್ತದೆ, ಮತ್ತೆ ಬಿಸಿ ಮಾಡಬೇಕು. ಪ್ರತಿ ಪರಿಹಾರಕ್ಕೂ ಬೆಲೆ ಇದೆ. ಆಗುವುದೇ ಇಲ್ಲ ಎನ್ನುವ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ, ಯಾಕೆಂದರೆ ತೆಲಂಗಾಣದ ಯಾದಾದ್ರಿಯಲ್ಲಿ 800 ಮೆಗಾವಾಟಿನ ಐದು ಘಟಕಗಳಿಗೆ ಎಸ್‌ಸಿಆರ್ ಸೇರಿಸಿಯೇ ವಿನ್ಯಾಸ ಮಾಡಿದ್ದಾರೆ.

ಬೂದಿಗಿಂತ ದೊಡ್ಡ ತಲೆನೋವು ಬಹುಶಃ ಲೋಡ್ ಇಳಿಯುವುದು. ಹಗಲು ಸೋಲಾರ್ ಕರೆಂಟ್ ಬಂದಾಗ ಕಲ್ಲಿದ್ದಲು ಘಟಕವನ್ನು ಇಳಿಸುತ್ತಾರೆ. ಲೋಡ್ ಇಳಿದರೆ ಹೊಗೆಯ ಬಿಸಿ 300 ಡಿಗ್ರಿಗಿಂತ ಕೆಳಗೆ ಬರಬಹುದು. ಆಗ ಅಮೋನಿಯಾ ಮತ್ತು ಗಂಧಕದ ಟ್ರೈಆಕ್ಸೈಡ್ ಸೇರಿ ಅಂಟಂಟಾದ ಉಪ್ಪು ಆಗುತ್ತದೆ. ಅದು ಕ್ಯಾಟಲಿಸ್ಟಿಗೂ ಮುಂದೆ ಗಾಳಿ ಬಿಸಿಮಾಡುವ ಏರ್ ಪ್ರೀಹೀಟರ್‌ಗೂ ಮೆತ್ತಿಕೊಳ್ಳುತ್ತದೆ. ಪಾವಗಡದಂಥ ಸೋಲಾರ್ ಪಾರ್ಕ್ ಇರುವ ರಾಜ್ಯದಲ್ಲಿ ಇದು ಪುಸ್ತಕದ ಸಮಸ್ಯೆ ಅಲ್ಲ, ದಿನದ ಸಮಸ್ಯೆ.

ಕರ್ನಾಟಕದ ವಿದ್ಯುತ್ ಘಟಕಗಳು ಯಾವ ಗುಂಪಿನಲ್ಲಿವೆ?

ರಾಯಚೂರಿನ ಶಕ್ತಿನಗರದಲ್ಲಿ ಎಂಟು ಯೂನಿಟ್, ಒಟ್ಟು 1720 ಮೆಗಾವಾಟ್. ಮೊದಲ ಏಳು ಹಳೆಯವು, 600ರ ಗುಂಪು. ಎಂಟನೆಯದು 2010ರದ್ದು, 450ರ ಗುಂಪು. ಬಳ್ಳಾರಿ ಕುಡುತಿನಿಯ ಮೊದಲೆರಡು ಯೂನಿಟ್, ಉಡುಪಿ ಎಲ್ಲೂರಿನ ಎರಡು ಯೂನಿಟ್ ಕೂಡ 450ರವೇ. ವಿಜಯಪುರ ಜಿಲ್ಲೆಯ ಕೂಡಗಿ ಮತ್ತು ರಾಯಚೂರಿನ ಯರಮರಸ್ ಘಟಕಗಳು 2017ರ ಗಡಿಯ ಆಸುಪಾಸಿನಲ್ಲೇ ಶುರುವಾದವು. ಅವುಗಳ ಪರಿಸರ ಅನುಮತಿ ಪತ್ರದಲ್ಲಿ ಯಾವ ಮಿತಿ ಬರೆದಿದೆ ಎಂದು ಓದಿಯೇ ಮಾತಾಡಬೇಕು. ಒಟ್ಟಿನಲ್ಲಿ ನಮ್ಮ ರಾಜ್ಯದ ಹಳೆಯ ವಿದ್ಯುತ್ ಘಟಕಗಳನ್ನು ನಂಬಿ ಎಸ್‌ಸಿಆರ್ ವ್ಯಾಪಾರ ಶುರು ಮಾಡಬೇಡಿ.

ಹಾಗಾದರೆ ಸಿಮೆಂಟ್?

ನಮ್ಮಲ್ಲಿ ನಾಕ್ಸ್ ಉಪಕರಣ ನಿಜವಾಗಿ ಊರೂರಿಗೆ ಬಂದದ್ದು ಸಿಮೆಂಟಿನಿಂದ. ಕಿಲ್ನ್ (ಸಿಮೆಂಟಿನ ಕಚ್ಚಾವಸ್ತು ಸುಡುವ ಕುಲುಮೆ) ಒಳಗೆ ಬೆಂಕಿ 1800–2000 ಡಿಗ್ರಿ ಮುಟ್ಟುತ್ತದೆ, ಥರ್ಮಲ್ ನಾಕ್ಸ್ ಧಾರಾಳ. 2014 ಮತ್ತು 2016ರ ಅಧಿಸೂಚನೆಗಳ ಪ್ರಕಾರ, 2014ರ ಆಗಸ್ಟ್ 25ರ ನಂತರದ ಕಿಲ್ನ್‌ಗಳಿಗೆ 600 ಮಿಲಿಗ್ರಾಂ ಮಿತಿ. ಹಳೆಯವಕ್ಕೆ ಕ್ಯಾಲ್ಸಿನರ್ (ಕಿಲ್ನ್‌ಗೆ ಹೋಗುವ ಮೊದಲು ಸುಣ್ಣದಕಲ್ಲಿನ ಪುಡಿಯನ್ನು ಕಾಯಿಸುವ ಭಾಗ) ವಿನ್ಯಾಸ ನೋಡಿಕೊಂಡು 800 ಅಥವಾ 1000.

ಸಿಮೆಂಟಿನ ಅದೃಷ್ಟ ಏನೆಂದರೆ, ಕ್ಯಾಲ್ಸಿನರ್‌ನಲ್ಲಿ ಇರುವ ಬಿಸಿ ಎಸ್‌ಎನ್‌ಸಿಆರ್‌ಗೆ ಬೇಕಾದಷ್ಟೇ. ಹೊಸ ರಿಯಾಕ್ಟರ್ ಕಟ್ಟಬೇಕಿಲ್ಲ. ಒಂದು ಟ್ಯಾಂಕ್, ಪಂಪು, ಅಳತೆ ಕವಾಟಗಳಿರುವ ಚೌಕಟ್ಟು (ಸ್ಕಿಡ್), ಪ್ರೀಹೀಟರ್ ಗೋಪುರಕ್ಕೆ ಪೈಪು, ಕೆಲವು ನಾಜಲ್. ಕಿಲ್ನ್ ಹೆಚ್ಚು ದಿನ ನಿಲ್ಲಿಸದೆ ಜೋಡಿಸಬಹುದು. ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ, ಚಿತ್ತಾಪುರದ ಸುತ್ತ ಎಷ್ಟು ಕಿಲ್ನ್‌ಗಳಿವೆ ಎಂದು ಲೆಕ್ಕ ಹಾಕಿದರೆ, ಕರ್ನಾಟಕದ ಸಣ್ಣ ಉದ್ಯಮಗಳಿಗೆ ಕೆಲಸ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಯುರೋಪಿನಲ್ಲಿ ಸಿಮೆಂಟಿನ ಮಿತಿ ಇನ್ನೂ ಬಿಗಿ. ಜರ್ಮನಿಯಲ್ಲಿ 2019ರಿಂದ 200 ಮಿಲಿಗ್ರಾಂ ಇದೆ, ಹಾಗಾಗಿ ಅಲ್ಲಿ ಸಿಮೆಂಟಿಗೂ ಎಸ್‌ಸಿಆರ್ ಹಾಕುತ್ತಿದ್ದಾರೆ. ಭಾರತ 600ರಲ್ಲಿ ನಿಂತಿರುವವರೆಗೆ ನಮ್ಮಲ್ಲಿ ಎಸ್‌ಎನ್‌ಸಿಆರ್ ಸಾಕು.

ಹಾಕಿದ ಮೇಲೆ ನಡೆಸುವ ಖರ್ಚು ಎಷ್ಟು?

ಇದನ್ನು ಯಾರೂ ಸರಿಯಾಗಿ ಕೇಳುವುದಿಲ್ಲ, ಕೇಳಬೇಕು. ಒಂದು ಲೆಕ್ಕ ಮಾಡೋಣ. ದೊಡ್ಡ ಕಿಲ್ನ್ ಒಂದು ಗಂಟೆಗೆ 4 ಲಕ್ಷ ಘನ ಮೀಟರ್ ಹೊಗೆ ಬಿಡುತ್ತದೆ ಅಂದುಕೊಳ್ಳಿ. ನಾಕ್ಸ್ 900ರಿಂದ 600 ಮಿಲಿಗ್ರಾಂಗೆ ಇಳಿಯಬೇಕು. ಅಂದರೆ ಗಂಟೆಗೆ 120 ಕೆ.ಜಿ. ನಾಕ್ಸ್ ತೆಗೆಯಬೇಕು. ರಸಾಯನಶಾಸ್ತ್ರದ ಪ್ರಕಾರ ಅದಕ್ಕೆ ಸುಮಾರು 78 ಕೆ.ಜಿ. ಯೂರಿಯಾ ಸಾಕು. ಆದರೆ ಎಸ್‌ಎನ್‌ಸಿಆರ್‌ನಲ್ಲಿ ಒಂದಷ್ಟು ಪಾಲು ಕೆಲಸ ಮಾಡದೆ ಹೋಗುತ್ತದೆ. ಅರ್ಧ ವ್ಯರ್ಥ ಎಂದು ಹಿಡಿದರೆ ಗಂಟೆಗೆ 156 ಕೆ.ಜಿ., ದಿನಕ್ಕೆ ಮೂರೂ ಮುಕ್ಕಾಲು ಟನ್. ವರ್ಷಕ್ಕೆ 330 ದಿನ ಕಿಲ್ನ್ ಓಡಿದರೆ 1200 ಟನ್ ದಾಟುತ್ತದೆ. ಉಪಕರಣ ಒಂದು ಸಲ ಕೊಳ್ಳುತ್ತಾರೆ, ಯೂರಿಯಾ ಅಥವಾ ಅಮೋನಿಯಾ ಪ್ರತಿದಿನ ಕೊಳ್ಳುತ್ತಾರೆ. ಪಂಪ್ ಆಫ್ ಮಾಡಿದರೆ ಅಷ್ಟು ದುಡ್ಡು ಉಳಿಯುತ್ತದೆ ಎಂಬ ಆಸೆಯೂ ಇಲ್ಲೇ ಹುಟ್ಟುವುದು.

ಎಸ್‌ಸಿಆರ್‌ನಲ್ಲಿ ಅಮೋನಿಯಾ ವ್ಯರ್ಥವಾಗುವುದು ಕಡಿಮೆ, ಆದರೆ ಕ್ಯಾಟಲಿಸ್ಟ್ ಸವೆಯುತ್ತದೆ. ಗ್ಯಾರಂಟಿ ಸಾಮಾನ್ಯವಾಗಿ 16 ಸಾವಿರದಿಂದ 24 ಸಾವಿರ ಗಂಟೆ, ಅಂದರೆ ಎರಡು ಮೂರು ವರ್ಷ. ಆಮೇಲೆ ಪದರ ಸೇರಿಸಬೇಕು ಇಲ್ಲವೇ ಬದಲಿಸಬೇಕು.

ರೈತರ ಯೂರಿಯಾ ಬಳಸಬಹುದಾ? ಅಗ್ಗ ಅಲ್ವಾ?

ಬಳಸಬಾರದು. ಬೇವು ಲೇಪಿತ ಯೂರಿಯಾ 45 ಕೆ.ಜಿ. ಚೀಲಕ್ಕೆ ಸುಮಾರು ₹267ಕ್ಕೆ ಸಿಗುವುದು ಸಬ್ಸಿಡಿಯಿಂದ. ಅದು ಹೊಲಕ್ಕೆ ಮಾತ್ರ. ಕಾರ್ಖಾನೆಗೆ ತಿರುಗಿಸಿದರೆ ಅವಶ್ಯಕ ವಸ್ತುಗಳ ಕಾಯ್ದೆಯಡಿ ಕೇಸು ಬೀಳುತ್ತದೆ. ಬೇವಿನ ಎಣ್ಣೆ ನಾಜಲ್‌ಗೂ ಒಳ್ಳೆಯದಲ್ಲ. ಕಾರ್ಖಾನೆಗೆ ಬೇಕಾದದ್ದು ಟೆಕ್ನಿಕಲ್ ಗ್ರೇಡ್ ಯೂರಿಯಾ, ಅದಕ್ಕೆ ಸಬ್ಸಿಡಿ ಇಲ್ಲ. ಎರಡರ ಬೆಲೆಯ ನಡುವಿನ ಅಂತರವೇ ಕಳ್ಳದಾರಿಗೆ ಕಾರಣ. ಯಾರಾದರೂ ನಂಬಲಾಗದಷ್ಟು ಕಡಿಮೆ ದರಕ್ಕೆ ಯೂರಿಯಾ ದ್ರಾವಣ ಕೊಡುತ್ತೇನೆ ಎಂದರೆ ಬಿಲ್ಲು, ಮೂಲ ಎರಡನ್ನೂ ಕೇಳಿ.

ಪೂರೈಕೆ ನಿಂತರೆ ಏನಾಗುತ್ತದೆ ಎಂಬುದಕ್ಕೆ 2021ರ ದಕ್ಷಿಣ ಕೊರಿಯಾ ನೋಡಿ. ಚೀನಾ ಯೂರಿಯಾ ರಫ್ತಿಗೆ ತಡೆ ಹಾಕಿತು. ಕೊರಿಯಾದಲ್ಲಿ ಡೀಸೆಲ್ ಲಾರಿಗಳಿಗೆ ಹಾಕುವ ಯೂರಿಯಾ ದ್ರಾವಣಕ್ಕೇ ಬರ ಬಂತು, ವಿಮಾನದಲ್ಲಿ ತರಿಸಬೇಕಾಯಿತು.

ಅಪಾರ್ಟ್‌ಮೆಂಟಿನ ಜನರೇಟರ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ, ಬೆಂಗಳೂರಿನವರಿಗೆ ಜಾಸ್ತಿಯೇ ಇದೆ. 800 ಕಿಲೋವಾಟ್‌ವರೆಗಿನ ಹೊಸ ಡಿಜಿ ಸೆಟ್‌ಗಳಿಗೆ 2023ರ ಜುಲೈ 1ರಿಂದ ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ನಾಲ್ಕು ಪ್ಲಸ್ ನಿಯಮ ಬಂತು. ಹಳೆಯ ಮಾದರಿಯ ದಾಸ್ತಾನು ಮಾರಲು 2024ರ ಜೂನ್‌ವರೆಗೆ ಅವಕಾಶ ಇತ್ತು. 56ರಿಂದ 560 ಕಿಲೋವಾಟ್ ಗುಂಪಿಗೆ ನಾಕ್ಸ್ ಮಿತಿ ಒಂದು ಯೂನಿಟ್ ಕರೆಂಟಿಗೆ 0.40 ಗ್ರಾಂ. ಹಿಂದೆ ನಾಕ್ಸ್ ಮತ್ತು ಹೈಡ್ರೋಕಾರ್ಬನ್ ಸೇರಿ 4 ಗ್ರಾಂ ಆಸುಪಾಸು ಇತ್ತು. ಇಷ್ಟು ಇಳಿಸಲು ಈ ಗಾತ್ರದ ಎಂಜಿನ್‌ಗೆ ಎಸ್‌ಸಿಆರ್ ಹಾಕುವುದೇ ರೂಢಿಯಾಗಿದೆ. ಲಾರಿಗಳಲ್ಲಿ 2020ರ ಏಪ್ರಿಲ್‌ನ ಬಿಎಸ್ 6 ಜೊತೆ ಬಂದ ತಂತ್ರವೇ ಇದು, ಶೇ. 32.5ರ ಯೂರಿಯಾ ದ್ರಾವಣ ಸಮೇತ.

ಹಾಗಾಗಿ ಹೊಸ ಜನರೇಟರ್ ಬೆಲೆ ಏರಿದೆ. ಡೀಸೆಲ್ ಜೊತೆ ಡಿಇಎಫ್ (ಇದೇ ಯೂರಿಯಾ ದ್ರಾವಣ) ಕ್ಯಾನನ್ನೂ ತುಂಬಿಸಿಡಬೇಕು. ಸರ್ವಿಸ್ ಮಾಡುವವನಿಗೆ ಸೆನ್ಸರ್, ಸಾಫ್ಟ್‌ವೇರ್ ಗೊತ್ತಿರಬೇಕು. ವರ್ಷದಲ್ಲಿ ಕೆಲವೇ ಗಂಟೆ ಓಡುವ ಸೆಟ್ಟಿನಲ್ಲಿ ದ್ರಾವಣ ಹಳತಾಗಿ ಹರಳುಗಟ್ಟುವುದೂ ಉಂಟು. ದೊಡ್ಡ ಡೇಟಾ ಸೆಂಟರ್‌ಗಳ 2 ಮೆಗಾವಾಟಿನಂಥ ಸೆಟ್‌ಗಳು 800 ಕಿಲೋವಾಟ್‌ಗಿಂತ ಮೇಲಿರುವುದರಿಂದ ಈ ನಿಯಮಕ್ಕೆ ಬರುವುದಿಲ್ಲ, ಅವಕ್ಕೆ ಬೇರೆ ಹಳೆಯ ನಿಯಮ ಇದೆ. ಮುಂದಿನ ಬಿಗಿತ ಅಲ್ಲಿ ಬರಬಹುದು ಎಂಬುದು ನಮ್ಮ ಊಹೆ.

ಹಳೆಯ ಜನರೇಟರ್‌ಗೆ ಆರ್‌ಇಸಿಡಿ (ಹೊಗೆ ಕೊಳವೆಗೆ ಆಮೇಲೆ ಜೋಡಿಸುವ ಮಾಲಿನ್ಯ ತಡೆ ಸಾಧನ) ಹಾಕಿಸಿದ್ದೇವೆ. ನಾಕ್ಸ್ ಕಡಿಮೆ ಆಗುತ್ತಲ್ವಾ?

ಇಲ್ಲ. ಆರ್‌ಇಸಿಡಿ ಹಿಡಿಯುವುದು ಮುಖ್ಯವಾಗಿ ಮಸಿಯನ್ನು. ಮಾರುವವರು ಎರಡನ್ನೂ ಸೇರಿಸಿ ಹೇಳಿದರೆ ಪ್ರಮಾಣಪತ್ರ ತೋರಿಸಲು ಹೇಳಿ.

ಈ ಉಪಕರಣ ಯಾರು ಮಾಡುತ್ತಾರೆ? ಕರ್ನಾಟಕದಲ್ಲಿ ಏನಾದರೂ ತಯಾರಾಗುತ್ತದೆಯಾ?

ಜಗತ್ತಿನಲ್ಲಿ ಮಿತ್ಸುಬಿಷಿ, ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್, ಕಾರ್ಮೆಟೆಕ್, ಟೋಪ್ಸೋ, ಜಾನ್ಸನ್ ಮ್ಯಾಥಿ, ಸಿಮೆಂಟಿಗೆ ಎಫ್‌ಎಲ್ ಸ್ಮಿಡ್ತ್, ಯೂರಿಯಾ ತಂತ್ರಕ್ಕೆ ಫ್ಯುಯೆಲ್ ಟೆಕ್ ಮುಂತಾದವು ಹೆಸರಾದವು. ಚೀನಾದ ಕಂಪನಿಗಳೂ ಬೇಕಾದಷ್ಟಿವೆ. ನಮ್ಮಲ್ಲಿ ಬಿಎಚ್‌ಇಎಲ್, ಥರ್ಮ್ಯಾಕ್ಸ್, ಇಸ್‌ಜೆಕ್ ಬಾಯ್ಲರ್ ಕಡೆಯಿಂದ ಬಂದಿವೆ.

ಬೆಂಗಳೂರಿಗೆ ಇದರಲ್ಲಿ ಒಂದು ವಿಶೇಷ ಜಾಗ ಇದೆ. ದೇಶದಲ್ಲೇ ಮೊದಲ ಬಾರಿಗೆ ಎಸ್‌ಸಿಆರ್ ಕ್ಯಾಟಲಿಸ್ಟ್ ತಯಾರಾಗಿದ್ದು ಇಲ್ಲಿನ ಬಿಎಚ್‌ಇಎಲ್‌ನ ಸೋಲಾರ್ ವಿಭಾಗದಲ್ಲಿ. ಅಲ್ಲಿಂದ 2021ರಲ್ಲಿ ಹೊರಟ ಮೊದಲ ಸರಕು ಯಾದಾದ್ರಿ ಘಟಕಕ್ಕೆ. ಅಲ್ಲಿಯವರೆಗೆ ಕ್ಯಾಟಲಿಸ್ಟ್ ಪೂರ್ತಿ ಆಮದು.

ಸಣ್ಣವರಿಗೆ ಕ್ಯಾಟಲಿಸ್ಟ್ ಎಟುಕುವುದಿಲ್ಲ. ಪೀಣ್ಯದಂಥ ಕಡೆ ಆಗುವ ಕೆಲಸ ಬೇರೆ: ಸ್ಟೇನ್‌ಲೆಸ್ ಟ್ಯಾಂಕು, ಪಂಪ್ ಸ್ಕಿಡ್, ಪ್ಯಾನೆಲ್, ನಾಜಲ್ ಲ್ಯಾನ್ಸ್ (ನಾಜಲ್ ಇರುವ ಉದ್ದ ಕೊಳವೆ), ಡಕ್ಟು, ಡ್ಯಾಂಪರ್. ಲ್ಯಾನ್ಸ್ ಸವೆಯುವ ಮಾಲು, ಮತ್ತೆ ಮತ್ತೆ ಬೇಕಾಗುತ್ತದೆ. ಅಮೋನಿಯಾ ನೀರು ಇಡುವುದಾದರೆ ಸುರಕ್ಷತೆಯ ಅನುಮತಿ ಬೇಕು, ತಾಮ್ರ ಹಿತ್ತಾಳೆ ಬಿಡಿಭಾಗ ಬಳಸುವಂತಿಲ್ಲ. ಇಂಥ ಸಣ್ಣ ವಿಷಯ ಗೊತ್ತಿರುವವರಿಗೆ ಆರ್ಡರ್ ಮತ್ತೆ ಬರುತ್ತದೆ.

ಪಂಪ್ ಆಫ್ ಮಾಡಿದರೆ ಗೊತ್ತಾಗುತ್ತದೆಯೇ?

ಗೊತ್ತಾಗಬೇಕು. ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳು ಚಿಮಣಿಗೆ ಆನ್‌ಲೈನ್ ಮಾಪಕ ಹಾಕಿ ನೇರ ಅಂಕಿ ಕಳಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಸೂಚಿಸಿತು. ಮಾಪಕ ಮಾರುವುದು, ಅದರ ಕ್ಯಾಲಿಬ್ರೇಷನ್ ಮಾಡುವುದು ದೊಡ್ಡ ವ್ಯಾಪಾರವಾಗಿದೆ. ಆದರೆ ಆ ಅಂಕಿ ನೋಡಿ ಕ್ರಮ ಕೈಗೊಳ್ಳುವುದು ಬೇರೆ ಮಾತು. ಇನ್ನೊಂದು ಸಂಗತಿ: ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಅಲ್ಲಿ ನಗರಗಳ ಸಾಧನೆ ಅಳೆಯುವುದು ಮುಖ್ಯವಾಗಿ ಪಿಎಂ 10 ನೋಡಿ. ಅಂದರೆ ರಸ್ತೆ ಧೂಳಿನ ಕಡೆಗೇ ಗಮನ. ನಾಕ್ಸ್ ಇಳಿಸಿದ ನಗರಕ್ಕೆ ಅಲ್ಲಿ ದೊಡ್ಡ ಅಂಕ ಸಿಗುವುದಿಲ್ಲ.

ಖರ್ಚು ಕೊನೆಗೆ ಯಾರ ತಲೆಗೆ?

ವಿದ್ಯುತ್ ಘಟಕವಾದರೆ ನಮ್ಮ ಕರೆಂಟ್ ಬಿಲ್ಲಿಗೆ. ಹೊಸ ಮಿತಿಗಳಿಗಾಗಿ ಮಾಡುವ ಖರ್ಚನ್ನು ಕಾನೂನು ಬದಲಾವಣೆ ಎಂದು ಪರಿಗಣಿಸಿ ದರದಲ್ಲಿ ಸೇರಿಸಲು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಮೇ ತಿಂಗಳಲ್ಲೇ ದಾರಿ ಮಾಡಿಕೊಟ್ಟಿದೆ. ಸಿಮೆಂಟಿನವರಿಗೆ ಆ ಅನುಕೂಲ ಇಲ್ಲ. ಪಕ್ಕದ ಬ್ರ್ಯಾಂಡಿನ ಚೀಲದ ಬೆಲೆ ನೋಡಿಕೊಂಡೇ ಮಾರಬೇಕು.

ಒಂದೊಂದು ವರದಿ ಒಂದೊಂದು ಅಂಕಿ ಹೇಳುತ್ತದೆ. ಯಾವುದನ್ನು ನಂಬುವುದು?

ಮೊದಲು ಅವರು ಏನನ್ನು ಎಣಿಸಿದ್ದಾರೆ ನೋಡಿ. ಒಬ್ಬರು ಎಸ್‌ಸಿಆರ್ ಮಾತ್ರ ಎಣಿಸುತ್ತಾರೆ. ಇನ್ನೊಬ್ಬರು ಬರ್ನರ್ ಸೇರಿಸುತ್ತಾರೆ. ಮತ್ತೊಬ್ಬರು ಹಡಗು, ಲಾರಿ, ಕ್ಯಾಟಲಿಸ್ಟ್ ಬದಲಾವಣೆ, ಸರ್ವಿಸ್ ಎಲ್ಲವನ್ನೂ ಸುರಿಯುತ್ತಾರೆ. ಗಡಿಯೇ ಬೇರೆ ಆದಾಗ ಮೊತ್ತ ಹೇಗೆ ಒಂದಾಗುತ್ತದೆ?

ಆಮೇಲೆ ಶೇಕಡಾವಾರು. ವರ್ಷಕ್ಕೆ ಶೇ. 5 ಅಂದರೆ ಆರು ವರ್ಷಕ್ಕೆ 100 ಇದ್ದದ್ದು 134 ಆಗುತ್ತದೆ, ಅಷ್ಟೇ. ಬೆಲೆ ಏರಿಕೆ ಕಳೆದರೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂದು ಕೇಳಿಕೊಳ್ಳಿ. ಏಷ್ಯಾ ಅತಿ ವೇಗದ ಮಾರುಕಟ್ಟೆ ಎಂಬ ಸಾಲು ಬಂದರೆ ಅದರಲ್ಲಿ ಚೀನಾ ಎಷ್ಟು, ಭಾರತ ಎಷ್ಟು ಎಂದು ಬಿಡಿಸಿ ನೋಡಿ. ಭಾರತದ ಪುಟದಲ್ಲಿ 450ರ ಸಡಿಲಿಕೆಯ ಮಾತೇ ಇಲ್ಲದಿದ್ದರೆ ಆ ವರದಿಯನ್ನು ಸುಮ್ನೆ ಮುಚ್ಚಿಡಬಹುದು.

ಈ ಕಂಪನಿಗಳ ಷೇರು ಕೊಳ್ಳಬಹುದಾ?

ಯಾವ ಷೇರು ಎಂದು ನಾವು ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ. 2015ರ ಅದೇ ಅಧಿಸೂಚನೆಯಲ್ಲಿ ಗಂಧಕದ ಮಿತಿಯೂ ಇತ್ತು. ಅದಕ್ಕೆ ಬೇಕಾದ ಎಫ್‌ಜಿಡಿ ಉಪಕರಣಕ್ಕೆ ದೊಡ್ಡ ದೊಡ್ಡ ಟೆಂಡರ್‌ಗಳು ಬಂದವು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಸುಮಾರು ಮುಕ್ಕಾಲು ಪಾಲು ಘಟಕಗಳಿಗೆ ಅದರಿಂದ ವಿನಾಯಿತಿಯೇ ಸಿಕ್ಕಿತು. ನಿಯಮವನ್ನೇ ನಂಬಿ ಆರ್ಡರ್ ಎಣಿಸಿದವರ ಗತಿ ಇದು. ಕಂಪನಿಯ ಆದಾಯದಲ್ಲಿ ಸರ್ವಿಸ್, ಬಿಡಿಭಾಗ, ಕ್ಯಾಟಲಿಸ್ಟ್ ಬದಲಾವಣೆಯ ಪಾಲು ಎಷ್ಟು ಎಂದು ವಾರ್ಷಿಕ ವರದಿಯಲ್ಲಿ ಹುಡುಕಿ.

ಹಸಿರು ಹೈಡ್ರೋಜನ್ ಬಂದರೆ ಈ ವ್ಯಾಪಾರವೇ ಮುಗಿಯುತ್ತದಲ್ಲವೇ?

ಕಲ್ಲಿದ್ದಲು ಹೋದರೆ ಬೂದಿ, ಗಂಧಕ, ಇಂಗಾಲ ಹೋಗುತ್ತವೆ. ನಾಕ್ಸ್ ಹೋಗುವುದಿಲ್ಲ. ಹೈಡ್ರೋಜನ್ ಬೆಂಕಿ ನೈಸರ್ಗಿಕ ಅನಿಲದ ಬೆಂಕಿಗಿಂತ ಹೆಚ್ಚು ಬಿಸಿ, ಗಾಳಿಯಲ್ಲಿ ಹಾಗೇ ಉರಿಸಿದರೆ ನಾಕ್ಸ್ ಏರುತ್ತದೆ. ಅದಕ್ಕೇ ಗ್ಯಾಸ್ ಟರ್ಬೈನ್ ಕಂಪನಿಗಳು ಹೈಡ್ರೋಜನ್‌ಗೆ ಬೇರೆಯೇ ಬರ್ನರ್ ಮಾಡುತ್ತಿವೆ. ಅಮೋನಿಯಾವನ್ನೇ ಇಂಧನ ಮಾಡಿದರೆ ಅದರ ಒಳಗೇ ನೈಟ್ರೋಜನ್ ಇದೆ. ಜಪಾನಿನ ಹೆಕಿನಾನ್ ಘಟಕದಲ್ಲಿ 2024ರಲ್ಲಿ ಕಲ್ಲಿದ್ದಲಿನ ಜೊತೆ ಶೇ. 20 ಅಮೋನಿಯಾ ಉರಿಸಿ ನೋಡಿದರು. ಆ ಪರೀಕ್ಷೆಯಲ್ಲಿ ಎಲ್ಲರೂ ಕಾದು ನೋಡಿದ ಅಂಕಿಗಳಲ್ಲಿ ನಾಕ್ಸ್ ಒಂದು. ಅದು ಕಲ್ಲಿದ್ದಲು ಮಾತ್ರ ಉರಿಸಿದಾಗಿನ ಮಟ್ಟವನ್ನು ಮೀರಲಿಲ್ಲ.